ಭಾಷೆಯರಿಯದವರೊಡನೆ ಆಟ

ದನಗಳ ಜಾತ್ರೆಯನ್ನು ಕಂಡಿರುವ ನಮ್ಮ ವಾಚಕರಿಗೆ ಒಂದು ದೃಶ್ಯವು ಚಿರಪರಿಚಿತವಾಗಿರಬೇಕು. ದೊಡ್ಡಬಳ್ಳಾಪುರದ ಸಮೀಪದ ಘಾಟಿ ಸುಬ್ರಹ್ಮಣ್ಯದಲ್ಲಾಗಲಿ, ಮತ್ತಾವ ದೊಡ್ಡ ಜಾತ್ರೆಯಲ್ಲಾಗಲಿ, ಒಂದು ಜೊತೆ ಎತ್ತುಗಳ ಮುಂದೆ ಇಬ್ಬರು ನಿಂತಿರುವರು. ಒಬ್ಬನು ಮಾರುವವನು, ಇನ್ನೊಬ್ಬನು ಕೊಳ್ಳುವವನು, ಇಲ್ಲವೆ ಅವನ ದಲ್ಲಾಳಿ. ಕೊಳ್ಳುವವನು ಆಂಧ್ರದಿಂದ ಬಂದಿರಬಹುದು, ತಮಿಳುನಾಡಿನಿಂದ ಬಂದಿರಬಹುದು. ಇಬ್ಬರ ಕೈಗಳೂ ಒಂದೇ ಟವಲಿನ ಮರೆಯಲ್ಲಿರುವುವು. ಬೆರಳುಗಳನ್ನು ಹಿಡಿದು, ಮಡಿಸಿ, ಬಿಡಿಸಿ, ಬಾಯಿಂದ ಒಂದು ಮಾತೂ ಹೊರಡದೆ ಸಾವಿರಾರು ರೂಪಾಯಿಗಳ ವ್ಯಾಪಾರವು ಮುಗಿದುಹೋಗುವುದು. ಪಕ್ಕದವರಿಗೆ ಬೆಲೆಯು ತಿಳಿಯದಿರಲೆಂದು ಹುಟ್ಟಿದ ಈ ಪದ್ಧತಿಯಿಂದ ಭಾಷೆಯ ತೊಡಕೂ ತಾನಾಗಿಯೇ ಪರಿಹಾರವಾಗಿರುವುದು. ವ್ಯಾಪಾರವು ಮುಗಿದ ಮೇಲೆ ಇಬ್ಬರೂ ನಗುವರು. ಆ ನಗೆಗೂ ದುಭಾಷಿಯು ಬೇಕಾಗುವುದಿಲ್ಲ.

ಜಾತ್ರೆಗಿಂತ ಸಹಸ್ರಪಾಲು ದೊಡ್ಡದಾದ ಮತ್ತೊಂದು ನೆರವಿಯು ಈಗ ಪ್ರತಿದಿನವೂ ಸಾಯಂಕಾಲ ನಮ್ಮ ನಮ್ಮ ಮನೆಗಳೊಳಗೇ ಸೇರುತ್ತಿರುವುದು. ಕೈಯಲ್ಲಿ ಒಂದು ಫೋನು, ಕಿವಿಯಲ್ಲಿ ಒಂದು ಹೆಡ್‌ಫೋನು ಇದ್ದರಾಯಿತು. ಮಂಡ್ಯದ ಹುಡುಗನು ಜಕಾರ್ತದವನ ಪಕ್ಕದಲ್ಲಿ ನಿಂತು, ಸಾವೊ ಪಾಲೊದವನ ಎದುರಿನಲ್ಲಿ ಆಡುವನು. ಈ ಆನ್‌ಲೈನ್ ಆಟಗಳಿಂದ ಬಾಲಕರ ವಿದ್ಯಾಭ್ಯಾಸಕ್ಕೂ ಕಣ್ಣುಗಳಿಗೂ ನಿದ್ರೆಗೂ ಏನಾಗುತ್ತಿರುವುದೆಂಬ ವಿಚಾರವು ಬೇರೆ. ಅದನ್ನು ಇಂದು ಎತ್ತುವುದಿಲ್ಲ. ಒಬ್ಬರ ಭಾಷೆಯನ್ನು ಮತ್ತೊಬ್ಬರು ಅರಿಯದ ಅಪರಿಚಿತರು ಒಂದೇ ತಂಡದಲ್ಲಿ ಬಂದು ನಿಂತಾಗ ಹೇಗೆ ನಡೆದುಕೊಳ್ಳಬೇಕು, ಹೇಗೆ ನಡೆದುಕೊಳ್ಳುತ್ತಿರುವರು, ಎಂಬ ಒಂದೇ ವಿಷಯವನ್ನು ನಮ್ಮ ವಾಚಕರ ಮುಂದಿಡಬೇಕೆಂದಿರುವೆವು. ಆಟದ ಮಾತೆಂದು ಇದನ್ನು ಯಾರೂ ಹಗುರವಾಗಿ ಎಣಿಸಬಾರದು.

ನಮ್ಮ ಲಕ್ಷ್ಯವು ಇದರ ಕಡೆಗೆ ಹರಿದುದಕ್ಕೆ ಒಂದು ಕಾರಣವುಂಟು. ನಮ್ಮ ಕಾರ್ಯಾಲಯದ ಸಹೋದ್ಯೋಗಿಯೊಬ್ಬರ ಮಗ, ಹದಿಮೂರು ವರ್ಷದ ಬಾಲಕ, ರಜಾದಿನಗಳಲ್ಲಿ ತಂದೆಯೊಡನೆ ಬಂದು ಕಾಗದದ ಉರುಳೆಗಳ ಪಕ್ಕದಲ್ಲಿ ಕುಳಿತು ಆಡುವುದುಂಟು. ನಾಲ್ವರು ಒಂದು ತಂಡವಾಗಿ ಆಡುವ ಆಟವದು. ಉಳಿದ ಮೂವರು ಯಾರೋ, ಎಲ್ಲಿಯವರೋ, ಯಂತ್ರವೇ ಕೂಡಿಸುವುದು. ಒಂದು ದಿನ ಆ ಮೂವರೂ ಹಿಂದಿಯಲ್ಲಿ ಮಾತನಾಡುತ್ತಿದ್ದರು. ಈ ಬಾಲಕನನ್ನು ಏನೋ ಕೇಳಿದರು. ಕನ್ನಡದ ಶಾಲೆಯಲ್ಲಿ ಓದುತ್ತಿರುವ ಅವನು ಕನ್ನಡದಲ್ಲಿ ಉತ್ತರ ಕೊಟ್ಟನು, ಅವರಿಗೆ ತಿಳಿಯಲಿಲ್ಲ. ತನಗೆ ಬರುವ ನಾಲ್ಕು ಇಂಗ್ಲಿಷ್ ಮಾತುಗಳನ್ನು ಹೇಳಿನೋಡಿದನು, ಅವರು ನಕ್ಕರು. ಅನಂತರ ಅವನನ್ನು ಹಿಂದೆ ಬಿಟ್ಟು ಮುಂದಕ್ಕೆ ಹೊರಟುಹೋದರು. ಆಟದಲ್ಲಿ ಗಾಯಗೊಂಡು ಬಿದ್ದವನನ್ನು ತಂಡದವರು ಬಂದು ಎತ್ತಿ ನಿಲ್ಲಿಸುವ ಕ್ರಮವುಂಟಂತೆ. ಎತ್ತಲು ಯಾರೂ ಬರಲಿಲ್ಲ. ಬಾಲಕನು ಹೆಡ್‌ಫೋನನ್ನು ತೆಗೆದಿಟ್ಟು ತಂದೆಗೆ ಹೇಳಿದ ಮಾತು ನಮ್ಮ ಕಿವಿಗೂ ಬಿದ್ದಿತು: "ನನಗೆ ಮಾತೇ ಬರೋದಿಲ್ಲ ಅಂದ್ಕೊಂಡರು."

ಆ ಮಾತನ್ನು ಕೇಳಿ ನಾವು ಕೈಯಲ್ಲಿದ್ದ ಕರಡಚ್ಚನ್ನು ಕೆಳಗಿಟ್ಟೆವು. ಸಾವಿರಕ್ಕೂ ಹೆಚ್ಚು ವರ್ಷಗಳ ಸಾಹಿತ್ಯವುಳ್ಳ ಭಾಷೆಯನ್ನಾಡುವ ಮಗುವು ತನ್ನನ್ನು ಮೂಗನೆಂದು ತಿಳಿದರೆಂದು ನೊಂದುಕೊಳ್ಳುವುದು ಸಾಮಾನ್ಯ ಸಂಗತಿಯಲ್ಲ.

ಹಳೆಯ ಉಪಾಯ, ಹೊಸ ಕಣ

ಭಾಷೆಯರಿಯದವರು ಕೂಡಿ ಕೆಲಸ ಮಾಡಬೇಕಾದ ಸಂದರ್ಭವು ಲೋಕಕ್ಕೆ ಹೊಸತಲ್ಲ. ಸಮುದ್ರದ ಮೇಲೆ ಎರಡು ಹಡಗುಗಳು ಸಂಧಿಸಿದಾಗ ಈ ಕಷ್ಟವು ಎಂದಿನಿಂದಲೂ ಇದ್ದಿತು. ಇದರ ಪರಿಹಾರಕ್ಕೆಂದು ೧೮೫೭ರಲ್ಲಿ ಬ್ರಿಟನ್ನಿನ ವ್ಯಾಪಾರ ಮಂಡಲಿಯು ಬಾವುಟಗಳ ಸಂಕೇತ ಸಂಹಿತೆಯೊಂದನ್ನು ಪ್ರಕಟಿಸಿತು. ೧೮೫೭ ಎಂದೊಡನೆ ನಮ್ಮ ವಾಚಕರಿಗೆ ನೆನಪಾಗುವ ಸಂಗತಿಯು ಬೇರೆಯೆಂಬುದನ್ನು ನಾವು ಬಲ್ಲೆವು. ಆದರೆ ಅದೇ ವರ್ಷದ ಈ ಸಣ್ಣ ಕೆಲಸವೂ ನೆನೆಯತಕ್ಕುದಾಗಿರುವುದು. ಇಂತಿಂತಹ ಬಾವುಟಗಳನ್ನು ಹೀಗೆ ಹೀಗೆ ಏರಿಸಿದರೆ ಇಂತಿಂತಹ ಅರ್ಥವೆಂದು ಪಟ್ಟಿಮಾಡಿಟ್ಟು, ನೋಡುವ ನಾವಿಕನು ತನ್ನ ಭಾಷೆಯ ಪುಸ್ತಕದಲ್ಲಿ ಅರ್ಥವನ್ನು ಓದಿಕೊಳ್ಳುವಂತೆ ಏರ್ಪಡಿಸಲಾಯಿತು. ೧೯೬೫ರಲ್ಲಿ ಪರಿಷ್ಕೃತವಾದ ಸಂಹಿತೆಯು ಒಂಬತ್ತು ಭಾಷೆಗಳಲ್ಲಿ ಹೊರಟಿತು. ಏರಿಸುವವನು ತನ್ನ ಭಾಷೆಯನ್ನು ಬಿಡಬೇಕಾಗಿಲ್ಲ, ನೋಡುವವನು ಕಲಿಯಬೇಕಾಗಿಲ್ಲ. ನಡುವೆ ಒಪ್ಪಂದವೊಂದಿದ್ದರೆ ಸಾಕು.

ಕಂಪ್ಯೂಟರ್ ಆಟಗಳ ಕಣದಲ್ಲಿ ಈ ತತ್ತ್ವವು ಕಾಣಿಸಿಕೊಳ್ಳಲು ಕೆಲಕಾಲ ಹಿಡಿಯಿತು. ಅನೇಕರು ಒಂದೇ ಕಾಲದಲ್ಲಿ ಸೇರಿ ಆಡುವ ಕಲ್ಪಿತ ಲೋಕವೊಂದನ್ನು ೧೯೭೮ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿಯು ಪ್ರಾರಂಭಿಸಿ, ರಿಚರ್ಡ್ ಬಾರ್ಟಲ್ ಎಂಬವರು ಮುಂದುವರಿಸಿದರು. ಅದರ ಹೆಸರು 'ಮಡ್'. ಅದರಲ್ಲಿ ಚಿತ್ರಗಳಿರಲಿಲ್ಲ, ಎಲ್ಲವೂ ಇಂಗ್ಲಿಷ್ ಅಕ್ಷರಗಳು. ಇಂಗ್ಲಿಷ್ ಬಾರದವನಿಗೆ ಆ ಲೋಕದ ಬಾಗಿಲೇ ಇರಲಿಲ್ಲ.

ಬಾಗಿಲನ್ನು ತೆರೆಯುವ ಯತ್ನವನ್ನು ಜಪಾನಿನವರು ಮಾಡಿದರು. ೨೦೦೦ದ ಡಿಸೆಂಬರಿನಲ್ಲಿ ಸೆಗಾ ಸಂಸ್ಥೆಯು 'ಫ್ಯಾಂಟಸಿ ಸ್ಟಾರ್ ಆನ್‌ಲೈನ್' ಎಂಬ ಆಟವನ್ನು ಹೊರಡಿಸಿತು. ಅದರಲ್ಲಿ ಆಟಗಾರನು ಸಿದ್ಧವಾದ ಪಟ್ಟಿಯಿಂದ ವಾಕ್ಯವನ್ನೂ ಪದಗಳನ್ನೂ ಆರಿಸಿದರೆ, ಆ ವಾಕ್ಯವು ಎದುರಿನವನಿಗೆ ಅವನ ಭಾಷೆಯಲ್ಲಿ ಕಾಣಿಸುತ್ತಿದ್ದಿತು. ಜಪಾನೀ, ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಎಂಬ ಐದು ಭಾಷೆಗಳಿಗೆ ಈ ಅನುಕೂಲವಿದ್ದಿತು. ಬಾವುಟದ ಸಂಹಿತೆಯೇ ಹೊಸ ವೇಷದಲ್ಲಿ ಬಂದಿತೆನ್ನಬಹುದು. ೨೦೦೨ರಲ್ಲಿ ಜಪಾನಿನಲ್ಲಿಯೂ ಮರುವರ್ಷ ಅಮೆರಿಕದಲ್ಲಿಯೂ ಪ್ರಾರಂಭವಾದ 'ಫೈನಲ್ ಫ್ಯಾಂಟಸಿ' ಮಾಲೆಯ ಹನ್ನೊಂದನೆಯ ಆಟವು ಈ ಕ್ರಮವನ್ನು ಇನ್ನೂ ಮುಂದಕ್ಕೆ ಒಯ್ದಿತು. ಅದರಲ್ಲಿ ಜಪಾನೀಯರನ್ನೂ ಅಮೆರಿಕನ್ನರನ್ನೂ ಬೇರೆ ಬೇರೆ ಸರ್ವರುಗಳಲ್ಲಿಡದೆ ಒಟ್ಟಿಗೆ ಇಟ್ಟರು. ಪಟ್ಟಿಯಿಂದ ಆರಿಸಿದ ಮಾತು ಹಸುರು ಕೆಂಪು ಆವರಣ ಚಿಹ್ನೆಗಳ ನಡುವೆ ಕಾಣಿಸುವುದು. ಅದನ್ನು ಕಂಡೊಡನೆ ಇದು ಯಂತ್ರದಿಂದ ಭಾಷಾಂತರವಾದ ಮಾತೆಂದು ಇಬ್ಬರಿಗೂ ತಿಳಿಯುವುದು. 'ಆಗಲಿ, ದಯವಿಟ್ಟು', 'ಬೇಡ, ವಂದನೆಗಳು', 'ಇದನ್ನು ನಾನು ತೆಗೆದುಕೊಳ್ಳಲೆ?' ಎಂಬಂತಹ ಬಿಡಿಮಾತುಗಳಿಂದಲೇ ಅಪರಿಚಿತರು ಗಂಟೆಗಟ್ಟಲೆ ಕೂಡಿ ಆಡಿದರು.

ಮಾತನ್ನೇ ತೆಗೆದುಹಾಕಿದವರೂ ಉಂಟು. ೨೦೧೨ರಲ್ಲಿ ಹೊರಟ 'ಜರ್ನಿ' ಎಂಬ ಆಟದಲ್ಲಿ ಇಬ್ಬರು ಅಪರಿಚಿತರು ಮರಳುಗಾಡಿನಲ್ಲಿ ಸಂಧಿಸುವರು. ಅವರು ಬರೆಯಲಾರರು, ಮಾತನಾಡಲಾರರು. ಹಕ್ಕಿಯ ಕೂಗಿನಂತಹ ಒಂದು ಧ್ವನಿಯನ್ನು ಮಾತ್ರ ಹೊರಡಿಸಬಲ್ಲರು. ಗುಂಡಿಯನ್ನು ಹೆಚ್ಚು ಹೊತ್ತು ಒತ್ತಿದರೆ ಧ್ವನಿಯು ದೊಡ್ಡದಾಗುವುದು, ಅಷ್ಟೆ. ಜೊತೆಯಲ್ಲಿ ನಡೆದವರ ಹೆಸರು ಆಟವು ಮುಗಿದ ಬಳಿಕವೇ ಗೊತ್ತಾಗುವುದು. ೨೦೧೫ರಲ್ಲಿ ನಿಂಟೆಂಡೊ ಸಂಸ್ಥೆಯು ತಂದ 'ಸ್ಪ್ಲಟೂನ್' ಆಟದಲ್ಲಿ ಜಪಾನು ಅಮೆರಿಕ ಯೂರೋಪುಗಳವರು ಒಂದೇ ಕಣದಲ್ಲಿ ಸೇರುತ್ತಿದ್ದರು. ಹೋರಾಟದ ನಡುವೆ ಅವರು ಒಬ್ಬರಿಗೊಬ್ಬರು ಹೇಳಬಹುದಾಗಿದ್ದುದು ಬಹುಮಟ್ಟಿಗೆ ಎರಡೇ ಮಾತು: 'ಬಾ' ಎಂಬುದೊಂದು, 'ಭಲೆ' ಎಂಬಂತಹುದೊಂದು. ಇಂಗ್ಲಿಷಿನವನಿಗೆ 'ಬೂಯಾ' ಎಂದು ತೋರುತ್ತಿದ್ದುದೇ ಜಪಾನಿನವನಿಗೆ 'ನೈಸ್' ಎಂದು ತೋರುತ್ತಿದ್ದಿತು. ಕರೆ ಮತ್ತು ಮೆಚ್ಚುಗೆ. ಈ ಎರಡರಿಂದಲೇ ಲಕ್ಷಾಂತರ ಜನರ ಆಟವು ಸಾಗಿತು.

ಈಗ ಅತಿಯಾಗಿ ಬಳಕೆಯಲ್ಲಿರುವ ಉಪಾಯವು 'ಪಿಂಗ್' ಎಂಬುದು. ಒಂದು ಸ್ಥಳವನ್ನೊ ವಸ್ತುವನ್ನೊ ಗುರಿಹಿಡಿದು ಗುಂಡಿಯನ್ನು ಒತ್ತಿದರೆ, ತಂಡದವರೆಲ್ಲರ ಪರದೆಯ ಮೇಲೂ ಅಲ್ಲಿ ಗುರುತು ಮೂಡುವುದು. ೨೦೧೯ರ ಫೆಬ್ರವರಿಯಲ್ಲಿ ಬಂದ 'ಏಪೆಕ್ಸ್ ಲೆಜೆಂಡ್ಸ್' ಎಂಬ ಆಟವು ಇದನ್ನು ಬಹಳ ಚೊಕ್ಕಟವಾಗಿ ರೂಪಿಸಿತು: ಇಲ್ಲಿ ಶತ್ರುವಿರುವನು, ಇಲ್ಲಿ ಔಷಧವಿರುವುದು, ಈ ಕಡೆ ಹೋಗೋಣ, ಈ ವಸ್ತು ನನಗಿರಲಿ, ಎಂಬಿವುಗಳಿಗೆಲ್ಲ ಬಾಯಿ ತೆರೆಯಬೇಕಾಗಿಲ್ಲ. ಇದರ ಉಪಕಾರವು ಪರಭಾಷೆಯವರಿಗೆ ಮಾತ್ರವಲ್ಲ, ಕಿವಿ ಕೇಳಿಸದವರಿಗೂ ಮಾತು ಬಾರದವರಿಗೂ ಉಂಟೆಂಬುದನ್ನು ಕಂಡು, ಅದರ ಒಡೆಯರಾದ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯವರು ೨೦೨೧ರ ಆಗಸ್ಟಿನಲ್ಲಿ ಈ ಪೇಟೆಂಟನ್ನು ಇತರರೂ ನಿರಾತಂಕವಾಗಿ ಬಳಸಬಹುದೆಂದು ಪ್ರಕಟಿಸಿದರು. ವ್ಯಾಪಾರಸ್ಥರಲ್ಲಿ ಇಂತಹ ಔದಾರ್ಯವು ಕಂಡಾಗ ಅದನ್ನು ಹೇಳುವುದು ಪತ್ರಿಕೆಯ ಧರ್ಮ.

ಸಂಕೇತವು ಕೆಟ್ಟಾಗ

ಇಷ್ಟೆಲ್ಲ ಉಪಾಯಗಳಿದ್ದ ಮೇಲೆ ತೊಡಕೇ ಇಲ್ಲವೆಂದು ಯಾರಾದರೂ ಎಣಿಸಿದರೆ ಅದು ತಪ್ಪು. ಸಂಕೇತಕ್ಕೆ ಜೀವವನ್ನು ಕೊಡುವುದು ಮನಸ್ಸು. ಮನಸ್ಸು ಕೆಟ್ಟರೆ ಸಂಕೇತವೂ ಕೆಡುವುದು. ೨೦೧೪ರಲ್ಲಿ ಬಂದ 'ಹಾರ್ತ್‌ಸ್ಟೋನ್' ಎಂಬ ಎಲೆಯಾಟದಲ್ಲಿ ಅಪರಿಚಿತರು ಬೈದಾಡದಿರಲೆಂದು ಮಾತನ್ನು ನಿರ್ಬಂಧಿಸಿ, ವಂದನೆ, ಮೆಚ್ಚುಗೆ, ಕೃತಜ್ಞತೆ, ಕ್ಷಮೆ ಮೊದಲಾದ ಆರೇ ಉಕ್ತಿಗಳನ್ನು ಕೊಟ್ಟರು. ಪರಿಣಾಮವೇನಾಯಿತು? ಎದುರಾಳಿಯು ಸೋಲುವ ಹೊತ್ತಿನಲ್ಲಿ 'ಕ್ಷಮಿಸಿ' ಎಂಬುದನ್ನು ಒತ್ತಿ ಅಣಕಿಸುವ ಚಾಳಿಯು ಹಬ್ಬಿತು. ಕೆಲಕಾಲದ ಮೇಲೆ ಆ ಸಂಸ್ಥೆಯವರು ಕ್ಷಮೆಯ ಮಾತನ್ನೇ ತೆಗೆದುಹಾಕಿ ಅದರ ಸ್ಥಾನದಲ್ಲಿ ಬೆರಗಿನ ಉದ್ಗಾರವೊಂದನ್ನಿಟ್ಟರು. ಜನರು ಅದರಿಂದಲೂ ಅಣಕಿಸಿದರು. ಪಿಂಗಿನ ಗತಿಯೂ ಇದೇ. ಒಮ್ಮೆ ಒತ್ತಿದರೆ ಅದು ಸೂಚನೆ; ಸತ್ತುಬಿದ್ದವನ ಮೇಲೆ ಹತ್ತು ಸಲ ಒತ್ತಿದರೆ ಅದು ಬೈಗುಳ. ಭಾಷೆಯರಿಯದವರ ನಡುವೆಯೂ ಬೈಗುಳವು ಅತಿ ಸುಲಭವಾಗಿ ಭಾಷಾಂತರವಾಗುವುದೆಂಬುದು ಶೋಚನೀಯ.

ಕೆಡುಕಿಲ್ಲದೆಯೂ ಅಪಾರ್ಥವಾಗುವುದುಂಟು. ನಗೆಯ ಬರವಣಿಗೆಯನ್ನೇ ತೆಗೆದುಕೊಳ್ಳಿರಿ. ಥಾಯ್ ದೇಶದವನು ನಗುವಾಗ '೫೫೫' ಎಂದು ಬರೆಯುವನು. ಏಕೆಂದರೆ ಅವರ ಭಾಷೆಯಲ್ಲಿ ಐದು ಎಂಬುದಕ್ಕೆ 'ಹಾ' ಎಂದು ಹೆಸರು. ಕೊರಿಯಾದವರ ನಗೆಯು 'ಕ್ಕ್ಕ್' ಎಂಬಂತಿರುವುದು. ಸ್ಪ್ಯಾನಿಷ್ ಭಾಷೆಯವನು ನಗೆಯನ್ನು ಬರೆದರೆ ಇಂಗ್ಲಿಷ್ ಅಕ್ಷರ ಬಲ್ಲ ನಮ್ಮವರು ಅದನ್ನು 'ಜಜಜ' ಎಂದೋದುವರು. ಅವನಿಗೆ ಅದು 'ಹಹಹ'. ಎದುರಿನವನು ಏನೋ ಲೆಕ್ಕ ಹೇಳುತ್ತಿರುವನೆಂದೊ, ಹೀಗಳೆಯುತ್ತಿರುವನೆಂದೊ ತಿಳಿದು ನಮ್ಮವನು ಕೋಪಿಸಿಕೊಳ್ಳುವಾಗ, ಆ ಬಡಪಾಯಿಯು ಸುಮ್ಮನೆ ನಗುತ್ತಿರುವನು. ಪಂದ್ಯವು ಮುಗಿದಾಗ 'ಒಳ್ಳೆಯ ಆಟ' ಎಂಬರ್ಥದಲ್ಲಿ ಬರೆಯುವ 'ಜಿಜಿ' ಎಂಬ ಎರಡಕ್ಷರವು ಈಗ ಜಗತ್ತಿನ ಎಲ್ಲ ಆಟಗಾರರಿಗೂ ತಿಳಿದಿರುವ ಮಾತು. ಕೊರಿಯಾದಲ್ಲಿ ೧೯೯೮ರ 'ಸ್ಟಾರ್‌ಕ್ರಾಫ್ಟ್' ಆಟದಿಂದ ಬೆಳೆದ ಸಂಪ್ರದಾಯದಂತೆ ಸೋತವನು ಸೋಲನ್ನೊಪ್ಪಿ ಅದನ್ನು ಬರೆದು ನಿರ್ಗಮಿಸುವನು. ಗೆಲ್ಲುವವನೇ ಮೊದಲು ಬರೆದರೆ ಅದು ಗರ್ವವೆನಿಸುವುದು. ಎರಡೇ ಅಕ್ಷರಗಳಾದರೂ ಅವನ್ನು ಯಾರು, ಯಾವಾಗ ಹೇಳಬೇಕೆಂಬುದರಲ್ಲಿ ಮರ್ಯಾದೆಯ ಒಂದು ಶಾಸ್ತ್ರವೇ ಅಡಗಿರುವುದು.

ಆದುದರಿಂದ ನಮ್ಮ ತರುಣ ಆಟಗಾರರಿಗೂ, ಅವರ ತಂದೆತಾಯಿಗಳಿಗೂ, ಆಡುವುದರಲ್ಲಿ ನಾಚಿಕೆಪಡುತ್ತಿರುವ ದೊಡ್ಡವರಿಗೂ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುವೆವು. ಮೊದಲು ನಮಸ್ಕಾರವಿರಲಿ, ಯಾವ ಭಾಷೆಯಲ್ಲಿದ್ದರೂ ನಮಸ್ಕಾರವು ನಮಸ್ಕಾರವೆಂದು ತಿಳಿಯುವುದು. ನಿಮಗೆ ಯಾವ ಭಾಷೆ ಬರುವುದು, ಯಾವುದು ಬಾರದು ಎಂಬುದನ್ನು ಪ್ರಾರಂಭದಲ್ಲಿಯೇ ಹೇಳಿಬಿಡುವುದು ಲೇಸು; ಅರ್ಧ ಆಟದ ಮೇಲೆ ಹೇಳಿದರೆ ಅದು ನೆವವೆನಿಸುವುದು. ಸಣ್ಣ ವಾಕ್ಯಗಳನ್ನು ಬರೆಯಿರಿ. ಗಾದೆ, ಚಮತ್ಕಾರ, ಕೊಂಕುಗಳನ್ನು ಬಿಡಿರಿ. ದಿಕ್ಕನ್ನು ಹೇಳಬೇಕಾದಲ್ಲಿ 'ಆ ಮರದ ಹಿಂದೆ' ಎನ್ನುವುದಕ್ಕಿಂತ ಪರದೆಯ ದಿಕ್ಸೂಚಿಯಲ್ಲಿರುವ ಅಂಕಿಯನ್ನು ಹೇಳುವುದು ಮೇಲು. ಮರಗಳು ನೂರಿರುವುವು, ಅಂಕಿಯು ಒಂದೇ. ಪಿಂಗನ್ನು ಒಂದೇ ಸಲ ಒತ್ತಿರಿ. ಎದುರಿನವನು ಉತ್ತರ ಕೊಡದಿದ್ದರೆ ಅಹಂಕಾರಿಯೆಂದು ತೀರ್ಮಾನಿಸಬೇಡಿರಿ. ಭಾಷೆ ಬಾರದಿರಬಹುದು, ಮೈಕಿಲ್ಲದಿರಬಹುದು, ಮನೆಯಲ್ಲಿ ಮಗು ಮಲಗಿರಬಹುದು. ಬೈಯುವವನಿಗೆ ಉತ್ತರ ಕೊಡದೆ ಮ್ಯೂಟ್ ಗುಂಡಿಯನ್ನು ಒತ್ತಿದರೆ ಅದು ಹೇಡಿತನವಾಗದು. ಬಾಲಕರಂತೂ ತಮ್ಮ ಊರು, ಶಾಲೆ, ಮನೆಯ ವಿವರ, ಚಿತ್ರಗಳನ್ನು ಎಷ್ಟೇ ಮಧುರವಾಗಿ ಕೇಳಿದರೂ ಅಪರಿಚಿತರಿಗೆ ಕೊಡತಕ್ಕುದಲ್ಲ. ಭಾಷೆಯರಿಯದೆಡೆಯಲ್ಲಿ ವಂಚಕನ ದನಿಯನ್ನು ಗುರುತಿಸುವುದು ಇನ್ನೂ ಕಷ್ಟ.

ನಮ್ಮ ದೇಶದೊಳಗಿನ ಮಾತು

ಹೊರದೇಶದವರ ವಿಚಾರವು ಹೀಗಾಯಿತು. ಆದರೆ ಮೇಲೆ ಹೇಳಿದ ಬಾಲಕನನ್ನು ಹಿಂದೆ ಬಿಟ್ಟುಹೋದವರು ಪರದೇಶದವರಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಜಪಾನಿನವನು ತನ್ನ ಇಂಗ್ಲಿಷ್ ಅರಿಯದಿದ್ದರೆ ಅಮೆರಿಕದವನು ಪಟ್ಟಿಯಿಂದ ಮಾತನ್ನು ಆರಿಸಿ ಕಳುಹಿಸಿದನು. ನಮ್ಮ ದೇಶದೊಳಗೆ, ಒಬ್ಬನ ಭಾಷೆಯನ್ನು ಮತ್ತೊಬ್ಬನು ಅರಿಯದಿದ್ದರೆ, ಅದು ಅರಿಯದವನ ಅಪರಾಧವೆಂದು ಎಣಿಸುವ ಚಾಳಿಯು ಬೆಳೆಯುತ್ತಿರುವುದು. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ೨೨ ಭಾಷೆಗಳುಂಟು. ಅವುಗಳಲ್ಲಿ ಒಂದನ್ನಾಡುವವನು ಉಳಿದ ೨೧ ಭಾಷೆಗಳ ಜನರನ್ನು 'ಮಾತು ಬಾರದವರು' ಎಂದರೆ, ದೇಶದ ಐಕ್ಯಕ್ಕೆ ಅದರಿಂದ ಒದಗುವ ಹಾನಿಯು ಶತ್ರುವಿನ ಪ್ರಚಾರದಿಂದ ಒದಗುವುದಕ್ಕಿಂತ ಕಡಿಮೆಯಾಗಲಾರದು.

ಇಲ್ಲಿ ನಮ್ಮವರ ತಪ್ಪನ್ನೂ ಮುಚ್ಚಿಡಬಾರದು. ತಂಡದಲ್ಲಿ ಮೂವರು ಕನ್ನಡಿಗರು ಸೇರಿ, ನಾಲ್ಕನೆಯವನು ಒಡಿಶಾದವನೊ ಅಸ್ಸಾಮಿನವನೊ ಆಗಿದ್ದಾಗ, 'ಕನ್ನಡದಲ್ಲಿ ಮಾತಾಡು, ಇಲ್ಲವೆ ಹೊರಡು' ಎಂದು ಗದರಿಸಿದ ಸಂಗತಿಯನ್ನು ಅದೇ ಬಾಲಕನು ನಮಗೆ ಹೇಳಿರುವನು. ಆ ಮೂವರಲ್ಲಿ ತಾನೂ ಒಬ್ಬನೆಂದು ಒಪ್ಪಿಕೊಂಡುದು ಅವನ ಸತ್ಯಸಂಧತೆಗೆ ಸಾಕ್ಷಿ. ನೋವನ್ನುಂಡವನು ಅದನ್ನೇ ಮತ್ತೊಬ್ಬನಿಗೆ ಬಡಿಸಿದರೆ ನ್ಯಾಯವಾಗಲಿಲ್ಲ. ಸಾಲವು ಕೈ ಬದಲಾಯಿತು, ಅಷ್ಟೆ. ಮೂವರು ಒಂದು ಭಾಷೆಯವರಾಗಿದ್ದು ಒಬ್ಬನು ಬೇರೆಯಾಗಿದ್ದರೆ, ಆ ಒಬ್ಬನಿಗೆ ತಿಳಿಯುವಂತೆ ನಡೆದುಕೊಳ್ಳುವ ಭಾರವು ಮೂವರ ಮೇಲಿರುವುದೆಂಬುದನ್ನು ನಾವು ಸ್ಪಷ್ಟವಾಗಿ ಹೇಳಬಯಸುವೆವು. ಅತಿಥಿಗೆ ಮೊದಲು ಎಲೆ ಹಾಕುವ ನಾಡಿನಲ್ಲಿ ಇದಕ್ಕೆ ವಿವರಣೆಯು ಬೇಕಾಗಿಲ್ಲ.

ಅದೇ ಬಾಲಕನಿಗೆ ಬೇರೊಂದು ದಿನ ಜೊತೆಗಾರನಾಗಿ ದೊರೆತವನು ಇಂಡೊನೇಷ್ಯದವನು. ಒಬ್ಬರ ಮಾತು ಒಬ್ಬರಿಗೆ ಎಳ್ಳಷ್ಟೂ ತಿಳಿಯದು. ನಾವು ಬಾಲಕನ ಹಿಂದೆ ನಿಂತು ನೋಡುತ್ತಿದ್ದೆವು. ಒಬ್ಬನು ಗುರುತಿಟ್ಟಲ್ಲಿಗೆ ಇನ್ನೊಬ್ಬನು ಬರುವನು. ಒಬ್ಬನಲ್ಲಿ ಔಷಧವು ಮುಗಿದರೆ ಇನ್ನೊಬ್ಬನು ತನ್ನದರಲ್ಲಿ ಅರ್ಧವನ್ನು ನೆಲದ ಮೇಲಿಟ್ಟು ಹಿಂದೆ ಸರಿಯುವನು. ಗೆಲ್ಲಲಿಲ್ಲ, ಆರನೆಯವರಾಗಿಯೊ ಏಳನೆಯವರಾಗಿಯೊ ಸೋತರು. ಹೊರಡುವಾಗ ಆ ಹುಡುಗನು ಇಂಗ್ಲಿಷ್ ಅಕ್ಷರಗಳಲ್ಲಿ 'ತೆರಿಮ ಕಸಿಹ್' ಎಂದು ಬರೆದನು. ಅದು ಅವರ ಭಾಷೆಯಲ್ಲಿ ಕೃತಜ್ಞತೆಯ ಮಾತು. ಅಕ್ಷರಶಃ 'ಪ್ರೀತಿಯನ್ನು ಸ್ವೀಕರಿಸು' ಎಂದಾಗುವುದು. ಬಾಲಕನು ನಮ್ಮ ಕಡೆ ತಿರುಗಿ, "ಇದಕ್ಕೆ ಕನ್ನಡದಲ್ಲಿ ಏನು ಬರೀಲಿ?" ಎಂದು ಕೇಳಿದನು.

ನಾವು 'ಧನ್ಯವಾದ' ಎಂದೆವು. ಬಾಲಕನು ನಕ್ಕನು. "ಹಾಗೆ ಯಾರು ಅಂತಾರೆ?" ಎಂದನು. ಮೂವತ್ತು ವರ್ಷ ಕನ್ನಡ ಪತ್ರಿಕೆಯನ್ನು ನಡೆಸಿದ ನಮಗೆ ಉತ್ತರವು ತೋಚಲಿಲ್ಲ. ಸಭೆಯಲ್ಲಿ, ಪತ್ರದಲ್ಲಿ, ಆಮಂತ್ರಣದಲ್ಲಿ ನಾವೆಲ್ಲ ಧನ್ಯವಾದವೆನ್ನುವೆವು. ಮನೆಯಲ್ಲಿ, ಹೊಲದಲ್ಲಿ, ಆಟದಲ್ಲಿ ಯಾರೂ ಅನ್ನುವುದಿಲ್ಲ. ಅಷ್ಟರಲ್ಲಿ ಆ ಹುಡುಗನು ಹೊರಟುಹೋಗಿದ್ದನು.

ಕನ್ನಡದ ಪಟ್ಟಿ

ಈ ಸಣ್ಣ ಸಂಗತಿಯಿಂದಲೇ ನಾವು ಇಂದಿನ ಲೇಖನದ ಮುಖ್ಯ ವಿಷಯಕ್ಕೆ ಬಂದಂತಾಯಿತು. ಆಟಗಳಲ್ಲಿ ಯಂತ್ರಗಳೇ ಭಾಷಾಂತರ ಮಾಡುವ ಕಾಲವು ಪ್ರಾಪ್ತವಾಗಿರುವುದು. ೨೦೨೪ರ ಫೆಬ್ರವರಿಯಲ್ಲಿ 'ರೋಬ್ಲಾಕ್ಸ್' ಎಂಬ ಆಟದ ಸಂಸ್ಥೆಯವರು, ಬರೆದ ಮಾತು ಆ ಕ್ಷಣದಲ್ಲಿಯೇ ಎದುರಿನವನ ಭಾಷೆಗೆ ತಿರುಗುವಂತೆ ೧೬ ಭಾಷೆಗಳಲ್ಲಿ ಏರ್ಪಾಡು ಮಾಡಿದರು. ಪ್ರಾರಂಭದ ಆ ಹದಿನಾರರಲ್ಲಿ ಪೋಲಿಷ್ ಇದ್ದಿತು, ಥಾಯ್ ಇದ್ದಿತು, ವಿಯೆಟ್ನಾಮೀ ಇದ್ದಿತು. ಕನ್ನಡವಿರಲಿಲ್ಲ, ಭಾರತದ ಯಾವ ಭಾಷೆಯೂ ಇರಲಿಲ್ಲ. ೨೦೧೧ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ೪ ಕೋಟಿ ೩೭ ಲಕ್ಷ ಜನ. ಪೋಲೆಂಡ್ ದೇಶದ ಒಟ್ಟು ಜನಸಂಖ್ಯೆಯೇ ಇದಕ್ಕಿಂತ ಕಡಿಮೆ.

ಇದಕ್ಕಾಗಿ ಪರರನ್ನು ದೂರುತ್ತ ಕುಳಿತರೆ ಆಗುವ ಪ್ರಯೋಜನವು ಅಲ್ಪ. ಲಿಪಿಯ ಕಷ್ಟವೂ ನಿಜವೆ: ಯೂನಿಕೋಡಿನ ೧೯೯೧ರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವು ದೊರೆತಿದ್ದರೂ, ಒತ್ತಕ್ಷರಗಳನ್ನೂ ಗುಣಿತಾಕ್ಷರಗಳನ್ನೂ ಸರಿಯಾಗಿ ಜೋಡಿಸಿ ತೋರಿಸುವ ಶಕ್ತಿಯು ಎಷ್ಟೋ ಆಟಗಳಲ್ಲಿಲ್ಲ. ಅದರಿಂದ ನಮ್ಮ ಹುಡುಗರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವರು. ಮೊಳೆಗಳ ಕಾಲದಿಂದಲೂ ಕನ್ನಡದ ಒತ್ತಕ್ಷರದೊಡನೆ ಹೆಣಗಿದ ಅಚ್ಚುಕೂಟದವರಿಗೆ ಈ ಕಷ್ಟವು ಅಪರಿಚಿತವಲ್ಲ. ಆಗ ಅದನ್ನು ಪರಿಹರಿಸಿದವರು ನಮ್ಮ ಜನರೇ. ಈಗಲೂ ಕೆಲಸವನ್ನು ನಾವೇ ಕೈಗೊಳ್ಳಬೇಕು.

ಕೈಗೊಂಡಲ್ಲಿ ಅದು ಸಾಗುವುದೆಂಬುದಕ್ಕೆ ದೃಷ್ಟಾಂತವೂ ಉಂಟು. ಸ್ವೀಡನ್ನಿನಲ್ಲಿ ಹುಟ್ಟಿ ೨೦೧೧ರಲ್ಲಿ ಪೂರ್ಣರೂಪದಲ್ಲಿ ಹೊರಟ 'ಮೈನ್‌ಕ್ರಾಫ್ಟ್' ಎಂಬ ಲೋಕಪ್ರಸಿದ್ಧ ಆಟದ ಭಾಷೆಗಳ ಪಟ್ಟಿಯನ್ನು ತೆರೆದುನೋಡಿದರೆ ಅದರಲ್ಲಿ 'ಕನ್ನಡ' ಎಂಬ ಹೆಸರು ಕನ್ನಡ ಅಕ್ಷರಗಳಲ್ಲಿಯೇ ಕಾಣಿಸುವುದು. ಆ ಆಟದ ಭಾಷಾಂತರಗಳು ಸ್ವಯಂಸೇವಕರಿಂದ ಆಗುವುವು. ಹೆಸರನ್ನಾಗಲಿ ಹಣವನ್ನಾಗಲಿ ಬಯಸದೆ, ಕಲ್ಲು ಮರ ನೀರುಗಳ ಹೆಸರುಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದವರು ಯಾರೋ ಕನ್ನಡದ ಮಕ್ಕಳು. ಪರಿಷತ್ತುಗಳ ವೇದಿಕೆಯಲ್ಲಿ ಅವರಿಗೆ ಹಾರ ಬೀಳಲಿಲ್ಲ. ಈ ಅಂಕಣದ ಮೂಲಕ ನಮ್ಮ ವಂದನೆಗಳು ಅವರಿಗೆ ಸಲ್ಲಲಿ.

ಈಗ ಬೇಕಾಗಿರುವುದು ದೊಡ್ಡ ನಿಘಂಟಲ್ಲ. ಅಪರಿಚಿತರೊಡನೆ ಆಡುವಾಗ ಬೇಕಾಗುವ ಐವತ್ತು ಅರುವತ್ತು ಮಾತುಗಳ ಒಂದು ಪಟ್ಟಿ ಸಾಕು. ಆದರೆ ಅಷ್ಟನ್ನು ಮಾಡಹೊರಟರೂ ಎಂತಹ ಪ್ರಶ್ನೆಗಳು ಏಳುವುವೆಂಬುದನ್ನು ನೋಡಿರಿ. ಇಂಗ್ಲಿಷಿನ 'ಕಮ್' ಎಂಬುದಕ್ಕೆ 'ಬಾ' ಎನ್ನಬೇಕೆ, 'ಬನ್ನಿ' ಎನ್ನಬೇಕೆ? ಪರದೆಯ ಆ ಕಡೆಯಲ್ಲಿರುವವನು ಹತ್ತು ವರ್ಷದವನೊ ಅರುವತ್ತು ವರ್ಷದವರೊ ನಮಗೆ ತಿಳಿಯದು. ಧಾರವಾಡದವರು 'ಬರ್ರಿ' ಎನ್ನುವರು; ಅವರಿಗೆ 'ಬನ್ನಿ' ಎಂಬುದು ಪುಸ್ತಕದ ಮಾತೆನಿಸೀತು. 'ವೇಯ್ಟ್' ಎಂಬುದಕ್ಕೆ 'ತಾಳಿ' ಎನ್ನೋಣವೆ, 'ಇರಿ' ಎನ್ನೋಣವೆ, 'ನಿಲ್ಲಿ' ಎನ್ನೋಣವೆ? ಮೂರಕ್ಕೂ ಅರ್ಥವು ಬೇರೆ. ತಪ್ಪಾದುದನ್ನು ಆರಿಸಿದರೆ ಓಡಬೇಕಾದವನು ನಿಂತು ಸಾಯುವನು. ಮೆಚ್ಚುಗೆಗೆ 'ಭಲೆ' ಉಂಟು, 'ಶಹಬಾಸ್' ಉಂಟು. ಎರಡನೆಯದು ಪಾರಸಿಯಿಂದ ಬಂದುದಾದರೂ ನಮ್ಮ ಕುಸ್ತಿಯ ಅಖಾಡಗಳಲ್ಲಿ ನಮ್ಮದೇ ಆಗಿರುವುದು. ಕೃತಜ್ಞತೆಯ ವಿಷಯವನ್ನಂತೂ ಮೇಲೆ ಹೇಳಿಯಾಯಿತು. ಇವನ್ನು ತೀರ್ಮಾನಿಸುವ ಕೆಲಸವನ್ನು ಯಂತ್ರಕ್ಕೆ ಬಿಟ್ಟರೆ ಅದು ತನಗೆ ತೋಚಿದುದನ್ನು ಮಾಡುವುದು. ನಮ್ಮ ಮಕ್ಕಳು ಅದನ್ನೇ ಕನ್ನಡವೆಂದು ಕಲಿಯುವರು. ಗೂಗಲ್ಲಿನವರ ಭಾಷಾಂತರ ಯಂತ್ರಕ್ಕೆ ೨೦೧೧ರಲ್ಲಿಯೇ ಕನ್ನಡವು ಸೇರಿರುವುದು. ಅದರ ಉಪಕಾರವನ್ನು ಅಲ್ಲಗಳೆಯುವುದಿಲ್ಲ. ಆದರೆ ಬಾ ಎಂಬುದಕ್ಕೂ ಬನ್ನಿ ಎಂಬುದಕ್ಕೂ ಇರುವ ಅಂತರವನ್ನು ಕಾಯತಕ್ಕವರು ಅದನ್ನಾಡುವ ಜನರೇ.

ನಮ್ಮ ಅಭಿಪ್ರಾಯವನ್ನು ಹೇಳಬೇಕಾದರೆ, ಅಪರಿಚಿತನಿಗೆ 'ಬನ್ನಿ' ಎನ್ನುವುದೇ ಸರಿ. ಅರ್ಧಾಕ್ಷರ ಹೆಚ್ಚಾದರೂ ಆಗಲಿ. ಧಾರವಾಡದವರು, ಮಂಗಳೂರಿನವರು, ಕಲಬುರ್ಗಿಯವರು ಬೇರೆ ಸೂಚಿಸಿದರೆ ಅದನ್ನೂ ಗೌರವದಿಂದ ಪ್ರಕಟಿಸುವೆವು. ಉಪಾಧ್ಯಾಯರು, ಕಾಲೇಜು ವಿದ್ಯಾರ್ಥಿಗಳು, ಕಂಪ್ಯೂಟರ್ ಕೆಲಸದಲ್ಲಿರುವ ಕನ್ನಡಿಗರು ತಮ್ಮ ತಮ್ಮ ಪಟ್ಟಿಗಳನ್ನು ನಮ್ಮ ಕಾರ್ಯಾಲಯಕ್ಕೆ ಕಳುಹಿಸಲಿ. ಅವನ್ನು ಕ್ರೋಡೀಕರಿಸಿ, ಬೆಲೆಯಿಲ್ಲದೆ, ಬೇಕಾದವರು ಬಳಸಿಕೊಳ್ಳುವಂತೆ ಅಚ್ಚುಮಾಡುವ ಭಾರವನ್ನು ನಾವು ವಹಿಸಿಕೊಳ್ಳುವೆವು. ಪಟ್ಟಿಯು ಸಿದ್ಧವಾಗಿದ್ದರೆ ಆಟ ಮಾಡುವವರ ಬಾಗಿಲನ್ನು ತಟ್ಟಬಹುದು. ಬರಿಗೈಯಲ್ಲಿ ಹೋಗಿ ಅಭಿಮಾನವನ್ನು ಮಾತ್ರ ತೋರಿಸಿದರೆ ಬಾಗಿಲು ತೆರೆಯದು.

ನಮ್ಮ ಸಹೋದ್ಯೋಗಿಯ ಮಗನು ಈ ಕೆಲಸಕ್ಕೆ ಆಗಲೇ ಪ್ರಾರಂಭಮಾಡಿರುವನೆಂದು ತಿಳಿಸಲು ಸಂತೋಷವಾಗುವುದು. ಹಳೆಯ ಕರಡಚ್ಚಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹನ್ನೊಂದು ಮಾತುಗಳನ್ನು ಬರೆದು ನಮ್ಮ ಮೇಜಿನ ಮೇಲಿಟ್ಟಿರುವನು. ಮೊದಲನೆಯದು 'ನಮಸ್ಕಾರ'. ಎರಡನೆಯದು 'ನನಗೆ ಕನ್ನಡ ಬರುತ್ತದೆ'. ಕೃತಜ್ಞತೆಯ ಮಾತಿಗೆಂದು ಮೀಸಲಿಟ್ಟ ಸಾಲು ಇನ್ನೂ ಖಾಲಿಯಾಗಿರುವುದು. ಅದನ್ನು ತುಂಬಿಸಿಕೊಡಬೇಕಾದವರು ನಮ್ಮ ವಾಚಕರು.